ಎರಡೆರಡು ಒತ್ತುವ ಮೌಸ್‌ಗೆ ಮೂರು ಕಾಲಿನ ಸ್ವಿಚ್ಚು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಯಾವ ಊರಿಗೆ ಹೋದರೂ ಪಹಣಿ, ಜಾತಿ ಪ್ರಮಾಣಪತ್ರ, ವಿದ್ಯಾರ್ಥಿವೇತನದ ಅರ್ಜಿ ಎಂದು ಜನ ಸಾಲು ನಿಲ್ಲುವ ಕಂಪ್ಯೂಟರ್ ಸೆಂಟರ್‌ಗಳಿವೆ. ಅಲ್ಲಿ ಬೆಳಗಿನಿಂದ ಸಂಜೆವರೆಗೆ ಬಿಡುವಿಲ್ಲದೆ ದುಡಿಯುವುದು ಮೌಸ್‌ನ ಎಡಗುಂಡಿ. ಅದು ದಣಿದಾಗ ಒಮ್ಮೆ ಒತ್ತಿದರೆ ಎರಡು ಸಲ ಒತ್ತಿದಂತಾಗುತ್ತದೆ. ಎಳೆದ ಫೈಲು ನಡುದಾರಿಯಲ್ಲಿ ಜಾರುತ್ತದೆ, ಆರಿಸಿದ ಸಾಲು ಕೈತಪ್ಪುತ್ತದೆ. ‘ಮೌಸ್ ಹೋಯ್ತು’ ಎಂದು ಹೊಸದು ತರುತ್ತಾರೆ. ಬಹುಪಾಲು ಸಲ ಹೋಗಿರುವುದು ಮೌಸ್ ಅಲ್ಲ, ಒಳಗಿರುವ, 12.8 ಮಿಲಿಮೀಟರ್ ಉದ್ದದ ಒಂದು ಮೈಕ್ರೋಸ್ವಿಚ್ಚು.

ಈ ಬಗೆಯ ಸ್ವಿಚ್ಚನ್ನು ಅಮೆರಿಕದ ಮೆಕ್‌ಗಾಲ್ ಎಂಬಾತ 1932ರಲ್ಲಿ ರೂಪಿಸಿದ. ಬಿಗಿಯಾಗಿ ಬಾಗಿಸಿದ ತೆಳು ಲೋಹದ ಪಟ್ಟಿ ಒತ್ತಡ ಒಂದು ಹದ ದಾಟಿದೊಡನೆ ಚಿಮ್ಮಿ ಇನ್ನೊಂದು ತುದಿಗೆ ತಾಗುತ್ತದೆ. ನಮಗೆ ಕೇಳುವ ‘ಟಿಕ್’ ಅದೇ. ತಾಗುವ ಗಳಿಗೆಯಲ್ಲಿ ಪಟ್ಟಿ ಸ್ವಲ್ಪ ಅದುರುವುದು ಸಹಜ. ಆ ಅದುರನ್ನು ಲೆಕ್ಕಿಸದಂತೆ ಮೌಸ್‌ನ ಚಿಪ್ ಕೆಲವು ಮಿಲಿಸೆಕೆಂಡ್ ಕಾಯುತ್ತದೆ. ಪಟ್ಟಿಯ ಬಿಗಿ ಸಡಿಲಿ, ತಾಗುವ ಬಿಂದುವಿನ ಮೇಲೆ ತೆಳು ಪೊರೆ ಕಟ್ಟಿದಾಗ ಅದುರು ಆ ಅವಧಿಯನ್ನು ಮೀರುತ್ತದೆ. ಆಗ ಒಂದು ಒತ್ತು ಎರಡಾಗುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಹೆಚ್ಚು ಕರೆಂಟ್ ಹರಿಯುವ ಸ್ವಿಚ್ಚಿನಲ್ಲಿ ಸಣ್ಣ ಕಿಡಿಯೇ ಆ ಪೊರೆಯನ್ನು ಸುಟ್ಟು ತೆಗೆಯುತ್ತದೆ. ಮೌಸ್‌ನಲ್ಲಿ ಹರಿಯುವುದು ತೀರಾ ಅಲ್ಪ ಕರೆಂಟ್; ಪೊರೆ ಹಾಗೇ ಉಳಿಯುತ್ತದೆ. ಆದ್ದರಿಂದ ‘2 ಕೋಟಿ ಕ್ಲಿಕ್’, ‘5 ಕೋಟಿ ಕ್ಲಿಕ್’ ಎಂಬ ಬರಹವೊಂದನ್ನೇ ನಂಬಿ ಸ್ವಿಚ್ಚು ಕೊಳ್ಳಬಾರದು. ಅಲ್ಪ ಕರೆಂಟಿಗೆಂದೇ ಮಾಡಿದ, ಚಿನ್ನದ ಸಂಪರ್ಕಬಿಂದುವಿರುವ ಓಮ್ರಾನ್ ಡಿ2ಎಫ್-01ಎಫ್‌ನಂಥದನ್ನು ಆರಿಸುವುದು ನನ್ನ ಮೆಚ್ಚಿನ ದಾರಿ.

ಸ್ವಿಚ್ಚಿಗಾಗಿ ಮೈಸೂರಿಗೋ ಬೆಂಗಳೂರಿನ ಎಸ್.ಪಿ. ರಸ್ತೆಗೋ ಹೋಗಲೇಬೇಕೆಂದಿಲ್ಲ. ಗುಜರಿಗೆ ಬಿದ್ದ ಹಳೆಯ ಮೌಸ್‌ನ ಬಲಗುಂಡಿಯ ಸ್ವಿಚ್ಚು ಸಾಮಾನ್ಯವಾಗಿ ಹೆಚ್ಚು ಸವೆದಿರುವುದಿಲ್ಲ. ಅಳತೆ, ಕಾಲುಗಳ ಜೋಡಣೆ ಹೊಂದಿದರೆ ಅದೇ ಸಾಕು.

ಮೌಸ್ ಬಿಚ್ಚುವ ಮೊದಲು ವೈರು ಕೀಳಿ ಅಥವಾ ಬ್ಯಾಟರಿ ತೆಗೆಯಿರಿ. ಸ್ಕ್ರೂಗಳು ಕಾಣದಿದ್ದರೆ ತಳದ ನುಣುಪು ಪಟ್ಟಿಗಳ ಅಡಿ, ಲೇಬಲ್ಲಿನ ಅಡಿ ಹುಡುಕಿ. ಸ್ವಿಚ್ಚಿಗೆ ಮೂರು ಕಾಲು. ಅದರ ತಲೆಯ ಗುಬುಟು ನಟ್ಟನಡುವೆ ಇರುವುದಿಲ್ಲ, ಒಂದು ಪಕ್ಕಕ್ಕೆ ಸರಿದಿರುತ್ತದೆ. ಅದು ಯಾವ ಕಡೆಗಿದೆ ಎಂದು ಗುರುತು ಹಾಕಿಕೊಳ್ಳಿ, ಹೊಸದು ತಿರುಗುಮುರುಗಾದರೆ ಗುಂಡಿ ತಾಗದು. ಹಳೆಯ ಬೆಸುಗೆ ಸುಲಭಕ್ಕೆ ಕರಗದು. ಅದಕ್ಕೆ ಹೊಸ ತವರ-ಸೀಸದ ಬೆಸುಗೆ ಬೆರೆಸಿದರೆ ಬೇಗ ಹರಿಯುತ್ತದೆ; 63/37ರ ಮಿಶ್ರಣ 183 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಬೆಸುಗೆ ಹೀರುವ ಪಂಪಿನಿಂದ ಮೂರೂ ರಂಧ್ರ ಬಿಡಿಸಿದ ಮೇಲಷ್ಟೇ ಸ್ವಿಚ್ಚು ಎತ್ತಿ. ಬಲವಂತವಾಗಿ ಎಳೆದರೆ ಬೋರ್ಡಿನ ತಾಮ್ರದ ಹಾಳೆಯೇ ಕಿತ್ತುಬರುತ್ತದೆ. ಆಮೇಲೆ ಕೆಲಸ ನಿಜಕ್ಕೂ ಕಷ್ಟ. ಕಿಟಕಿ ತೆರೆದಿರಲಿ, ಮುಗಿದ ಮೇಲೆ ಕೈ ತೊಳೆಯಿರಿ.

ನಮ್ಮ ತಾಲ್ಲೂಕು ಪಟ್ಟಣಗಳಲ್ಲಿ ರೇಡಿಯೊ, ಟೇಪ್‌ರೆಕಾರ್ಡರ್ ಕಾಲದಿಂದ ಬೆಸುಗೆ ಕಡ್ಡಿ ಹಿಡಿದ ಕೈಗಳಿವೆ. ಈಗ ಆ ಕೈಗಳು ಮೊಬೈಲ್ ರಿಪೇರಿ ಮಾಡುತ್ತಿವೆ. ಮೌಸ್ ಅವರಿಗೆ ನೀರು ಕುಡಿದಷ್ಟು ಸುಲಭ. ಆದರೂ ಅವರ ಬಳಿಗೆ ಮೌಸ್ ಬರುವುದಿಲ್ಲ, ಏಕೆಂದರೆ ಅದು ರಿಪೇರಿಯಾಗುತ್ತದೆಂದು ತಂದುಕೊಡಬೇಕಾದವರಿಗೇ ಗೊತ್ತಿಲ್ಲ. ಹಾಗೆ ಎಸೆದ ಮೌಸ್ ಇ-ತ್ಯಾಜ್ಯವಾಗುತ್ತದೆ. ಇ-ತ್ಯಾಜ್ಯ ನಿರ್ವಹಣೆಯ 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಅವು ತ್ಯಾಜ್ಯವಾದ ಮೇಲಿನ ಹೊಣೆಯನ್ನು ಹೇಳುತ್ತವೆ; ತ್ಯಾಜ್ಯವಾಗದಂತೆ ತಡೆಯುವ ಕೆಲಸ ನಮ್ಮ ಮೇಜಿನ ಮೇಲೇ ಆಗಬೇಕು. ರಿಪೇರಿ ಅಂಗಡಿಯವರು ಡ್ರಾಯರಿನಲ್ಲಿ ಹತ್ತು ಸ್ವಿಚ್ಚು ಇಟ್ಟುಕೊಳ್ಳಲಿ, ‘ಮೌಸ್ ರಿಪೇರಿ ಮಾಡಲಾಗುತ್ತದೆ’ ಎಂದು ಬೋರ್ಡು ಬರೆಸಲಿ. ಗಿರಾಕಿ ಬಂದೇ ಬರುತ್ತಾನೆ.