ನೆನೆದ ಕಲ್ಲಿದ್ದಲು

ಕಲ್ಲಿದ್ದಲು ಉರಿಯುವುದನ್ನು ಕಂಡವರು ಬಹಳ. ಅದು ಕಡಲೆಕಾಳಿನಂತೆ ನೆನೆದು ಉಬ್ಬುವುದನ್ನು ಕಂಡವರು ಕಡಿಮೆ.

ಅದನ್ನು ತೋರಿಸುವ ಪ್ರಯೋಗದ ಸರಳತೆಗೆ ನಾನು ಮಾರುಹೋಗಿದ್ದೇನೆ. ಕಿರಿದಾದ ಗಾಜಿನ ನಳಿಕೆಗೆ ಕಲ್ಲಿದ್ದಲ ಪುಡಿ ಹಾಕಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಪುಡಿಯ ಎತ್ತರ ಗುರುತಿಸುತ್ತಾರೆ. ಪಿರಿಡೀನ್ ಎಂಬ ದ್ರಾವಕ ಸುರಿದು, ಕಲಕಿ, ನೆನೆಯಲು ಬಿಟ್ಟು, ಮತ್ತೆ ತಿರುಗಿಸಿ ಅಳೆಯುತ್ತಾರೆ. ಕೆಲವು ಬಿಟುಮಿನಸ್ ಕಲ್ಲಿದ್ದಲು ಎರಡು ಪಟ್ಟು ಎತ್ತರಕ್ಕೆ ಏರಿರುತ್ತದೆ! ಟಾಲೂಯೀನ್ ಎಂಬ ಇನ್ನೊಂದು ದ್ರಾವಕ ಸುರಿದರೆ ಇಷ್ಟು ಉಬ್ಬದು; ಆಂಥ್ರಾಸೈಟ್ ಜಾತಿಯ ಕಲ್ಲಿದ್ದಲಂತೂ ಪಿರಿಡೀನಿಗೂ ಜಗ್ಗುವುದಿಲ್ಲ.

ಗುಟ್ಟು ಒಳಗಿನ ಹೆಣಿಗೆಯಲ್ಲಿದೆ. ಕಲ್ಲಿದ್ದಲು ದೈತ್ಯ ಅಣುಗಳ ಬಲೆ. ಗಟ್ಟಿ ಗಂಟುಗಳ ಜೊತೆಗೆ ಅಸಂಖ್ಯ ಹೈಡ್ರೋಜನ್ ಬಂಧಗಳು ಅದನ್ನು ಬಿಗಿದಿರುತ್ತವೆ. ಪಿರಿಡೀನ್ ಈ ಸಡಿಲ ಬಂಧಗಳನ್ನು ಬಿಡಿಸಿ ತಾನೇ ಆ ಜಾಗದಲ್ಲಿ ಕೂರುತ್ತದೆ. ಬಲೆ ಹಿಗ್ಗುತ್ತದೆ, ಹರಿಯುವುದಿಲ್ಲ. ಅದರೊಳಗೆ ಸಿಕ್ಕಿಕೊಂಡಿದ್ದ ಚಿಕ್ಕ ಅಣುಗಳು ಮಾತ್ರ ಕರಗಿ ಹೊರಬಂದು ದ್ರವವನ್ನು ಕಪ್ಪಾಗಿಸುತ್ತವೆ.

1988ರಲ್ಲಿ ಜಪಾನಿನ ಮಸಾಶಿ ಈನೋ ಮತ್ತು ಸಂಗಡಿಗರು ಕಾರ್ಬನ್ ಡೈಸಲ್ಫೈಡ್ ಹಾಗೂ ಎನ್-ಮೀಥೈಲ್ ಪಿರೋಲಿಡಿನೋನ್ ಎಂಬ ಎರಡು ದ್ರಾವಕಗಳನ್ನು ಬೆರೆಸಿ ನೋಡಿದರು. ಬೆಂಕಿಯಿಲ್ಲದೆ, ಕೋಣೆಯ ಉಷ್ಣತೆಯಲ್ಲೇ, ಕೆಲವು ಕಲ್ಲಿದ್ದಲುಗಳ ಅರ್ಧಕ್ಕಿಂತ ಹೆಚ್ಚು ಭಾಗ ಕರಗಿತು. ಒಂಟಿಯಾಗಿ ಆಗದ್ದು ಜೋಡಿಯಿಂದ ಆಯಿತು.

ನನಗೆ ಅತಿ ಪ್ರಿಯವಾದ ಸಂಗತಿ ಇನ್ನೊಂದು. ಪುಡಿ ಮಾಡದ ತುಂಡನ್ನು ನೆನೆಸಿದರೆ ಅದು ಎಲ್ಲ ದಿಕ್ಕಿಗೂ ಸಮನಾಗಿ ಉಬ್ಬುವುದಿಲ್ಲ. ಪದರಗಳಿಗೆ ಲಂಬವಾಗಿ ಹೆಚ್ಚು ಹಿಗ್ಗುತ್ತದೆ. ಕೋಟ್ಯಂತರ ವರ್ಷ ಮೇಲಿನಿಂದ ಒತ್ತಿದ ಮಣ್ಣಿನ ಭಾರವನ್ನು ಆ ಕರಿತುಂಡು ಇನ್ನೂ ಮರೆತಿಲ್ಲ.