ಪುಟ್ಟಿ ಬಳಿದ ಕಾರು

ಕುಂತೂರಿನ ಸುತ್ತಿನ ಕಬ್ಬಿನ ಸೀಮೆಯಲ್ಲಿ ಹಳೆಯ ಕಾರಿಗೆ ಎರಡು ದುಡಿಮೆ. ಬೇಸಾಯದ ದಿನಗಳಲ್ಲಿ ಗೊಬ್ಬರದ ಮೂಟೆ ಹೊರಬೇಕು. ಅಮಾವಾಸ್ಯೆ ಬಂದರೆ ಮನೆಮಂದಿಯನ್ನೆಲ್ಲ ತುಂಬಿಕೊಂಡು ಮಾದಪ್ಪನ ಬೆಟ್ಟ ಹತ್ತಬೇಕು. ಕಡಲು ದೂರವಿದ್ದರೂ ಡಿಕ್ಕಿಯ ತಳಕ್ಕೆ ಉಪ್ಪು ತಗಲುವುದು ಆ ಮೂಟೆಯಿಂದ. ನಾವು ಪೊಟ್ಯಾಷ್ ಎನ್ನುವುದು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಜಾತಿಯದೇ. ಮ್ಯಾಟಿನ ಅಡಿ ಒಂದು ಹಿಡಿ ಉದುರಿ ಒದ್ದೆಯಾದರೆ ಸಾಕು, ತಗಡನ್ನು ತಿನ್ನುತ್ತಲೇ ಇರುತ್ತದೆ.

ಹೀಗೆ ತೂತಾದ ಕಾರು ಟಿಂಕರಿಂಗಿಗೆ ಹೋದರೆ ಆಗುವುದು ಗೊತ್ತಿರುವ ಕೆಲಸ: ತೂತಿನ ಮೇಲೆ ತಗಡಿನ ಪ್ಯಾಚು, ಪ್ಯಾಚಿನ ಮೇಲೆ ಪುಟ್ಟಿ, ಪುಟ್ಟಿಯ ಮೇಲೆ ಬಣ್ಣ. ನಜ್ಜಾದ ಮಡ್‌ಗಾರ್ಡನ್ನು ಬರೀ ಸುತ್ತಿಗೆಯಲ್ಲಿ ಸರಿಪಡಿಸುವ ನಮ್ಮ ಟಿಂಕರ್‌ಗಳ ಕೈಗೆ ಕೈಮುಗಿಯಬೇಕು. ತಕರಾರಿರುವುದು ತುಕ್ಕನ್ನೂ ನಜ್ಜಿನಂತೆ ಕಾಣುವುದರ ಬಗ್ಗೆ. ಕೊಳೆತ ಅಂಚಿಗೆ ವೆಲ್ಡಿಂಗ್ ಕಚ್ಚುವುದಿಲ್ಲ. ಎರಡು ತಗಡುಗಳ ಸಂದಿಯಲ್ಲಿ ನೀರು ನಿಲ್ಲುತ್ತದೆ. ವೆಲ್ಡಿಂಗಿನ ಕಾವಿಗೆ ಹಿಂಬದಿಯ ಬಣ್ಣ ಸುಟ್ಟುಹೋಗುತ್ತದೆ; ಅಲ್ಲಿಗೆ ಯಾರ ಬ್ರಷ್ಷೂ ಹೋಗುವುದಿಲ್ಲ.

ಬಾಗಿಲಿನ ತಗಡಿಗೆ ಇದನ್ನು ಮಾಡಿದರೆ ಕೆಟ್ಟದಾಗಿ ಕಂಡೀತು, ಅಷ್ಟೆ. ತಳಕ್ಕೆ ಮಾಡಿದರೆ ಅಪಾಯ. 1983ರಲ್ಲಿ ಬಂದ ಮಾರುತಿ 800ಕ್ಕೆ ಜೀಪಿನಂಥ ಬೇರೆ ಚಾಸಿಯೇ ಇಲ್ಲ. ಫ್ಲೋರು ಮತ್ತು ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಅಂಚುಗಳೇ ಭಾರ ಹೊರಬೇಕು. ಬೆಟ್ಟದ ತಿರುವಿನಲ್ಲಿ ಅವುಗಳ ಕೆಲಸವನ್ನು ಪುಟ್ಟಿ ಮಾಡಲಾರದು.

ಸರಿಯಾದ ಕ್ರಮಕ್ಕೆ ಮೊದಲು ಕತ್ತರಿ ಬೇಕು. ಹೊಳೆಯುವ ಕಬ್ಬಿಣ ಸಿಗುವವರೆಗೆ ಕೊಯ್ದು, ಅದೇ ದಪ್ಪದ ತಗಡನ್ನು ಅಂಚಿಗೆ ಅಂಚು ಕೂಡಿಸಿ, ಕಾವಿಗೆ ಸೊಟ್ಟಗಾಗದಂತೆ ಬಿಟ್ಟು ಬಿಟ್ಟು ಬೆಸೆಯಬೇಕು. ಒಳಬದಿಗೆ ಪ್ರೈಮರ್, ನೀರು ಬಸಿಯುವ ತೂತುಗಳಿಗೆ ಬಿಡುಗಡೆ. ಫಾಸ್ಫಾರಿಕ್ ಆಮ್ಲದ ತುಕ್ಕುನಾಶಕಗಳು ಮೇಲ್ಪದರದ ತುಕ್ಕಿಗೆ ಒಳ್ಳೆಯವು, ಪದರ ಪದರವಾಗಿ ಎದ್ದುದಕ್ಕೆ ಅಲ್ಲ. ಕಾರಿನ ತಳಕ್ಕೆ ಹಳೆಯ ಎಂಜಿನ್ ಆಯಿಲ್ ಹೊಡೆಸುವ ಹಳ್ಳಿಯ ರೂಢಿಗೆ ನನ್ನದು ಅರ್ಧ ಮತ: ನೀರನ್ನೇನೋ ತಡೆಯುತ್ತದೆ, ಆದರೆ ರಬ್ಬರ್ ಬುಷ್ಷನ್ನೂ ಮಣ್ಣನ್ನೂ ಕೆಡಿಸುತ್ತದೆ. ತುಕ್ಕಿನ ಮೇಲೆಯೇ ದಪ್ಪ ಕರಿ ಕೋಟಿಂಗ್ ಹೊಡೆಸುವುದು ಎಲ್ಲಕ್ಕಿಂತ ಕೆಟ್ಟದ್ದು. ಒಳಗಿನ ತೇವಕ್ಕೆ ಹೊರದಾರಿಯೇ ಇರುವುದಿಲ್ಲ.

ಟಿಂಕರ್‌ನನ್ನೊಬ್ಬನನ್ನೇ ದೂರುವುದು ಅನ್ಯಾಯ. 15 ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣ ಹತ್ತಿರವಾದಾಗ ಓನರ್ ಕೇಳುವುದೇ ಹೊಳಪನ್ನು. ಕೊಯ್ಯುವ ಕೆಲಸಕ್ಕೆ ಎರಡು ಪಟ್ಟು ಕೂಲಿ ಹೇಳಿದರೆ ಮುಂದಿನ ಶೆಡ್ಡಿಗೆ ಹೋಗುತ್ತಾನೆ. ಸಸ್ಪೆನ್ಷನ್ ಕೂರುವ ಜಾಗವೇ ಪುಡಿಯಾಗಿದ್ದರೆ ಆ ಕೂಲಿಯೂ ದಂಡ. ಎಂಜಿನ್ ಇಳಿಸಿಕೊಂಡು ಬಾಡಿಯನ್ನು ಗುಜರಿಗೆ ಕೊಡುವುದೇ ಸರಿ.