ಮರಾಠಿ ರಾಶಿಯಲ್ಲಿ ಗಾಂಧಾರಿ

ನಾಗಪುರದ ಹಳೇ ಸಾಮಾನಿನ ಅಂಗಡಿಗಳಲ್ಲಿ ಗ್ರಾಮಫೋನ್ ಪ್ಲೇಟುಗಳದ್ದು ಎರಡೇ ರಾಶಿ: ಹಿಂದಿ ಸಿನಿಮಾ, ಮರಾಠಿ. ಕನ್ನಡದ್ದು ಇದೆಯಾ ಎಂದು ಕೇಳಿದರೆ ನಗುತ್ತಾರೆ. ಆದರೂ ಕೋರಾಡಿಯಿಂದ ಭಾನುವಾರ ಬೈಕಿನಲ್ಲಿ ಹೋದಾಗ ನಾನು ಮೊದಲು ಕೈಹಾಕುವುದು ಮರಾಠಿ ರಾಶಿಗೇ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ ಸಿಗಬಹುದಾದ ಜಾಗ ಅದು. ಲೇಬಲ್ಲಿನ ಮೇಲೆ ಮಾತ್ರ ಗಾಂಧಾರಿ ಎಂಬ ಹೆಸರನ್ನೂ ಹುಡುಕಬೇಕು.

1930ರ ದಶಕದಲ್ಲಿ ಎಚ್‌ಎಂವಿಗಾಗಿ ಅವರು ಜಿ.ಎನ್. ಜೋಶಿಯವರೊಡನೆ ಮರಾಠಿ ಭಾವಗೀತೆ ಹಾಡಿದರು. ಜೋಶಿ ವಿದರ್ಭದ ಮಣ್ಣಿನವರು, ವಕೀಲರು. ಮುಂದೆ ಅದೇ ಕಂಪನಿಯಲ್ಲಿ ರೆಕಾರ್ಡಿಂಗ್ ಅಧಿಕಾರಿಯಾದರು. ಧಾರವಾಡ ಸೀಮೆಯ ಹುಡುಗಿ, ವಿದರ್ಭದ ವಕೀಲ, ಬ್ರಿಟಿಷ್ ಮೂಲದ ಕಂಪನಿ. ಕೆಲಸ ಹುಡುಕಿಕೊಂಡು ಬಂದ ನಮಗೆ ಇದೇನೂ ಹೊಸ ಕಥೆಯಲ್ಲ.

ಗಂಗೂಬಾಯಿ ಎಂದರೆ ನಮ್ಮ ಕಿವಿಗೆ ಬರುವುದು ಆ ಗಂಡುದನಿ. ಈ ಪ್ಲೇಟುಗಳಲ್ಲಿರುವುದು ತೆಳುವಾದ, ಮೇಲಿನ ಸ್ಥಾಯಿಗೆ ಸಲೀಸಾಗಿ ಏರುವ ಎಳೆಯ ದನಿ. ಗಂಟಲಿನ ಚಿಕಿತ್ಸೆಯ ನಂತರ ದನಿ ಬದಲಾಯಿತು. ಮೊದಲಿನ ದನಿಯನ್ನು ಕೇಳಬೇಕೆಂದರೆ ಈ ಅರಗಿನ ಪ್ಲೇಟುಗಳೇ ಗತಿ.

ಮೂರು ನಿಮಿಷದ ಹಾಡುಗಾರಿಕೆಯನ್ನು ಖಯಾಲಿನ ಚೂರು ಎಂದು ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹತ್ತು ಇಂಚಿನ 78 ಆರ್‌ಪಿಎಂ ಪ್ಲೇಟಿನ ಒಂದು ಬದಿಗೆ ಸುಮಾರು ಮೂರು ನಿಮಿಷ. ರಾಗದ ಮುಖ ಮೊದಲ ಸಾಲಿನಲ್ಲೇ ಕಾಣಬೇಕು. 1948ರಲ್ಲಿ ಬಂದ ಎಲ್‌ಪಿ ಒಂದು ಬದಿಗೆ ಇಪ್ಪತ್ತು ನಿಮಿಷ ಕೊಟ್ಟಿತು, ಆಲಾಪಕ್ಕೆ ಬಿಡುವು ಸಿಕ್ಕಿತು. ವಿಸ್ತಾರಕ್ಕೆ ಎಲ್‌ಪಿಯೇ ಸರಿ. ಆದರೆ ಯಾವುದನ್ನು ಬಿಡಬೇಕು ಎಂಬ ಗಾಯಕಿಯ ತೀರ್ಮಾನ ಕೇಳಿಸುವುದು 78ರಲ್ಲೇ.

ಮೊಬೈಲಿನಲ್ಲಿ ಎಲ್ಲ ಸಿಗುತ್ತದಲ್ಲ ಎನ್ನುತ್ತೀರಿ. ಸಿಗುತ್ತದೆ, ತೊಳೆದು ಬಿಳುಚಿದ್ದು. ಗರಗರ ಸದ್ದನ್ನು ಅತಿಯಾಗಿ ತೆಗೆದರೆ ತಂಬೂರಿಯ ನಾದವೂ ಸ-ಕಾರದ ಚೂಪೂ ಜೊತೆಗೇ ಹೋಗುತ್ತವೆ. ಎಷ್ಟೋ ಕಡೆ ಕವಿಯ ಹೆಸರಿಲ್ಲ, ಪ್ಲೇಟಿನ ನಂಬರಿಲ್ಲ. ನಮ್ಮ ಆಫೀಸಿನಲ್ಲಿ ಇಂಥ ಡೇಟಾ ಬಂದರೆ ನಾನು ವಾಪಸ್ ಕಳಿಸುತ್ತೇನೆ.

ಕೊಳ್ಳುವಾಗ ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಗೀರುಗಳಿಗೆ ಹೆದರಬೇಡಿ; ಗೆರೆಗಳು ಬೂದುಬಣ್ಣಕ್ಕೆ ತಿರುಗಿದ್ದರೆ ಉಕ್ಕಿನ ಮುಳ್ಳು ಅದನ್ನು ತಿಂದುಹಾಕಿದೆ ಎಂದರ್ಥ. ಅಂಚನ್ನು ಬೆರಳಿನಿಂದ ತಟ್ಟಿ: ಬಿರುಕಿದ್ದರೆ ಸದ್ದು ಒಡಕು. ಎಲ್‌ಪಿಯ ಸಣ್ಣ ಮುಳ್ಳಿನಿಂದ 78 ನುಡಿಸಬೇಡಿ, ಅಗಲದ ಗೆರೆಗೆ ಅಗಲದ ಮುಳ್ಳೇ ಬೇಕು. ಸ್ಪಿರಿಟ್ ಹಾಕಿ ಒರೆಸಲೇಬೇಡಿ, ಅರಗು ಕರಗುತ್ತದೆ. ಕೋರಾಡಿಯಲ್ಲಂತೂ ವಿದ್ಯುತ್ ಸ್ಥಾವರದ ಹಾರುಬೂದಿ. ಪ್ಲೇಟುಗಳು ಬೀರುವಿನೊಳಗೆ, ನೆಟ್ಟಗೆ ನಿಂತಿರಲಿ.

ಗೋಡೆಗೆ ನೇತುಹಾಕಲು ಚಂದದ ಕವರ್ ಹುಡುಕುವವರು ಹಿಂದಿ ರಾಶಿಯತ್ತ ಹೋಗುತ್ತಾರೆ, ಅಲ್ಲಿ ದರವೂ ಹೆಚ್ಚು. ಕವರಿಲ್ಲದ ಗಾಂಧಾರಿಗೆ ಚೌಕಾಸಿ ಮಾಡುವ ಗಿರಾಕಿಯೂ ಇರುವುದಿಲ್ಲ.